ಎಂಟು ಸಾಲು ತೆಂಗು

ಮುತ್ತುಗದಹಳ್ಳಿ
ದಬ್ಬೇಘಟ್ಟ ಹೋಬಳಿ, ತುರುವೇಕೆರೆ ತಾಲ್ಲೂಕು
೧೦ ಆಗಸ್ಟ್ ೨೦೦೮

ಚಿರಂಜೀವಿ ರಾಜಣ್ಣನಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ತ್ರಿಪುರಾದ ನಿನ್ನ ಹೊಸ ಗಡಿ ಠಾಣ್ಯದಲ್ಲಿ ಫೋನು ಹಿಡಿಯುವುದಿಲ್ಲ ಎಂದು ಶಿಲ್ಪ ಹೇಳಿದಳು. ಒಳ್ಳೆಯದೇ ಆಯಿತು. ಫೋನಿನಲ್ಲಿ ನೀನು ‘ಹೂಂ, ಹೂಂ’ ಅನ್ನುತ್ತೀಯೇ ಹೊರತು ಬಾಯಿ ಬಿಡುವುದಿಲ್ಲ. ಕಾಗದವಾದರೆ ಎರಡು ಸಲ ಓದುತ್ತೀಯ. ನಿನ್ನ ಹೆಂಡತಿ, ಮಗಳು ನನ್ನ ಮನೆಯಲ್ಲಿ ಚೆನ್ನಾಗಿದ್ದಾರೆ. ಮಗಳು ಅಟ್ಟ ಹತ್ತುವುದನ್ನು ಕಲಿತಿದ್ದಾಳೆ, ಇಳಿಯುವುದನ್ನು ಇನ್ನೂ ಕಲಿತಿಲ್ಲ. ಕೊಬ್ಬರಿಗೆ ಇಟ್ಟ ಕಾಯಿಗಳ ನಡುವೆ ಕೂತು ‘ಅತ್ತೇ’ ಎಂದು ಕೂಗುತ್ತಾಳೆ, ನಾನೇ ಹೋಗಿ ಇಳಿಸಬೇಕು.

ಊರಿನ ದೊಡ್ಡ ಸುದ್ದಿ ಕೇಳು. ಸಮುದ್ರದ ಕಡೆಯಿಂದ ಬೆಂಗಳೂರಿಗೆ ನೆಲದೊಳಗೆ ಗ್ಯಾಸಿನ ಪೈಪು ಹಾಕುತ್ತಾರಂತೆ. ಅದು ನಮ್ಮ ಪಂಚಾಯಿತಿಯ ತೋಟಗಳನ್ನು ಸೀಳಿಕೊಂಡೇ ಹೋಗಬೇಕಂತೆ. ಕಂಪನಿಯವರು ಜೀಪಿನಲ್ಲಿ ಬಂದು ಉದ್ದಕ್ಕೂ ಗುರುತಿನ ಕಲ್ಲು ನೆಟ್ಟಿದ್ದಾರೆ. ಎರಡು ಕಡೆಯ ಕಲ್ಲಿನ ನಡುವಿನ ಪಟ್ಟಿಯಲ್ಲಿ ಇನ್ನು ತೆಂಗು ಇಡುವಂತಿಲ್ಲ, ಮನೆ ಕಟ್ಟುವಂತಿಲ್ಲ. ರಾಗಿ, ಹುರುಳಿ ಬೇಕಾದರೆ ಬೆಳೆದುಕೊಳ್ಳಬಹುದು. ಪಟ್ಟಿ ನಮ್ಮದೇ ಆಗಿರುತ್ತದೆ, ಆದರೆ ನಮ್ಮ ಮಾತು ಅಲ್ಲಿ ನಡೆಯುವುದಿಲ್ಲ.

ಅವರು ಮೊದಲ ದಿನ ಪಂಚಾಯಿತಿ ಆಫೀಸಿಗೆ ಬಂದವರು ನೇರವಾಗಿ ಮಾಯಣ್ಣನಿಗೆ ಕೈ ಮುಗಿದರು. ಮಾಯಣ್ಣ ನಿನಗೆ ಗೊತ್ತಲ್ಲ, ಈಗ ನಮ್ಮ ಸದಸ್ಯ. ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲೇ ನಿಂತಿರುತ್ತಾನೆ. ನನ್ನನ್ನು ಅಧ್ಯಕ್ಷೆ ಮಾಡಿದ್ದು ತಾನೇ ಎಂದು ಊರಿಗೆಲ್ಲ ಹೇಳಿಕೊಂಡು ಬರುತ್ತಾನೆ. ನಾನು ಕುರ್ಚಿಯಿಂದಲೇ ಹೇಳಿದೆ: ‘ಕೈ ಮುಗ್ದಿದ್ದು ಆಯ್ತಾ? ಈಗ ಈ ಕಡೆ ತಿರುಕ್ಕೊಳಿ. ಕೆಲ್ಸ ಇಲ್ಲೈತೆ.’

ರಸ್ತೆ ಪಕ್ಕದ ನಿನ್ನ ತುಂಡು ಜಮೀನು ಪಟ್ಟಿಯಿಂದ ಆಚೆಗೇ ಉಳಿದಿದೆ. ಹೆದರಬೇಡ.

ಆರೋಗ್ಯ ನೋಡಿಕೋ. ಬೇಗ ಬರೆ.

ನಿನ್ನ ಅಕ್ಕ
ಪುಟ್ಟಗಂಗಮ್ಮ


ತ್ರಿಪುರಾ
೭ ಸೆಪ್ಟೆಂಬರ್ ೨೦೦೮

ಪ್ರೀತಿಯ ಅಕ್ಕನಿಗೆ ರಾಜಣ್ಣನ ನಮಸ್ಕಾರಗಳು.

ನಿನ್ನ ಕಾಗದವನ್ನು ಎರಡಲ್ಲ, ನಾಲ್ಕು ಸಲ ಓದಿದೆ. ನಮ್ಮ ತುಕಡಿಯಲ್ಲಿ ಕನ್ನಡದವನು ಇನ್ನೊಬ್ಬನಿದ್ದಾನೆ, ಬೀದರಿನವನು. ಅವನಿಗೂ ಓದಿ ಹೇಳಿದೆ. ‘ಕೈ ಮುಗ್ದಿದ್ದು ಆಯ್ತಾ’ ಅನ್ನುವ ಮಾತು ಈಗ ಇಲ್ಲಿ ನಮ್ಮಿಬ್ಬರ ಬಾಯಲ್ಲಿ ದಿನವೂ ಓಡಾಡುತ್ತಿದೆ.

ಅಕ್ಕ, ಮನೆಯ ವಿಷಯ. ಇಷ್ಟು ವರ್ಷ ಡೇರೆ, ಬ್ಯಾರಕ್ಕು, ತಗಡಿನ ಸೂರು ನೋಡಿ ಸಾಕಾಗಿದೆ. ರಸ್ತೆ ಪಕ್ಕದ ಆ ತುಂಡಿನಲ್ಲಿ ಮನೆ ಹೇಗಿರಬೇಕು ಎಂದು ಮನಸ್ಸಿನಲ್ಲೇ ಕಟ್ಟಿ ಮುಗಿಸಿದ್ದೇನೆ. ಮುಂದೆ ಅಗಲವಾದ ಜಗಲಿ. ಮಾಯಸಂದ್ರದ ಬಸ್ಸು ತಿರುವಿನಲ್ಲಿ ಬರುವಾಗಲೇ ಕಾಣಬೇಕು. ಅಡುಗೆಮನೆ ದೊಡ್ಡದಿರಲಿ ಎಂದು ಶಿಲ್ಪ ಹೇಳಿದ್ದಾಳೆ. ಕಾರ್ತಿಕದಲ್ಲಿ ಪಾಯ ಪೂಜೆ ಮಾಡಿಸಿಬಿಡು. ಲೈಸೆನ್ಸಿಗೆ ಅರ್ಜಿ ಬರೆದು ಇದರ ಜೊತೆಗೇ ಇಟ್ಟಿದ್ದೇನೆ. ಎಲ್ಲರೂ ಪಂಚಾಯಿತಿಗೆ ಅಲೆದಾಡುತ್ತಾರೆ, ನನಗೆ ಆ ಚಿಂತೆಯಿಲ್ಲ. ಅಕ್ಕನೇ ಅಧ್ಯಕ್ಷೆ.

ನಿನ್ನ ತಮ್ಮ
ರಾಜಣ್ಣ


ಮುತ್ತುಗದಹಳ್ಳಿ
೧೬ ನವೆಂಬರ್ ೨೦೦೮

ಚಿರಂಜೀವಿ ರಾಜಣ್ಣನಿಗೆ,

ಈ ಕಾಗದವನ್ನು ಬರೆಯಲು ಕೂತು ಎರಡು ಸಲ ಎದ್ದುಹೋದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಕೊನೆಯವರೆಗೆ ಓದು.

ನಿನ್ನ ತುಂಡಿನ ಪಕ್ಕದ ತೋಟವನ್ನು ಮಾಯಣ್ಣ ಕೊಂಡಿದ್ದ. ಗಣಪತಿ ಹಬ್ಬ ಕಳೆದ ಮೇಲೆ ಫಲ ಬಿಡುತ್ತಿದ್ದ ಮರಗಳನ್ನೆಲ್ಲ ಉರುಳಿಸಿ, ನೆಲ ಸಮ ಮಾಡಿಸಿ, ಸುಣ್ಣದಲ್ಲಿ ಗೆರೆ ಹಾಕಿಸಿದ. ರಸ್ತೆಯಿಂದ ಹಿಡಿದು ಪೈಪಿನ ಕಲ್ಲಿನವರೆಗೂ ಸೈಟುಗಳು. ಎಲ್ಲಕ್ಕೂ ಪಂಚಾಯಿತಿ ಖಾತೆ ಮಾಡಿಕೊಡಬೇಕು, ಮನೆ ಕಟ್ಟಲು ಲೈಸೆನ್ಸ್ ಕೊಡಬೇಕು ಎಂದು ಬಂದ.

‘ಬಡವ್ರಿಗೂ ಅನುಕೂಲ ಆಗ್ಲಿ ಕಣಕ್ಕ. ಆಶ್ರಯ ಮನೆಗೆ ಜಾಗ ಇಲ್ಲ ಅಂತ ಒದ್ದಾಡ್ತಿದ್ಯಲ್ಲ, ಹಿಂದ್ಗಡೆ ಸಾಲು ಪಂಚಾಯ್ತಿಗೆ ಬುಟ್ಕೊಡ್ತೀನಿ’ ಅಂದ.

‘ಹಿಂದ್ಗಡೆ ಅಂದ್ರೆ ಪೈಪಿನ ಪಕ್ಕ. ಮುಂದ್ಗಡೆ ಸಾಲು ಯಾಕೆ ಬುಡಲ್ಲ?’

‘ಮುಂದ್ಗಡೆ ಅಂಗಡಿ ಬತ್ತವೆ ಕಣಕ್ಕ.’

ನನಗೆ ಅಲ್ಲಿಯೇ ಏನೋ ಚುಚ್ಚಿತು. ಮಾರನೆಯ ದಿನ ಕಂಪನಿಯ ಎಂಜಿನಿಯರನ್ನು ಕರೆಸಿದೆ. ಹೊಸಪೇಟೆ ಕಡೆಯ ಹುಡುಗ, ಮರ್ಯಾದಸ್ಥ. ಅವನನ್ನು ಕಲ್ಲಿನ ಹತ್ತಿರವೇ ನಿಲ್ಲಿಸಿಕೊಂಡು ಕೇಳಿದೆ.

‘ಪೈಪು ಗಟ್ಟಿ ಇರ್ತದಾ?’

‘ಗಟ್ಟಿ ಇರ್ತದ್ರಿ. ತಾನಾಗಿ ಏನೂ ಆಗಂಗಿಲ್ಲ. ಯಾರರೆ ತಿಳೀದ ಅಗದ್ರ ಮಾತ್ರ ಕಷ್ಟ.’

‘ಮನೆ ಬಂದ್ಮೇಲೆ ಜನ ಅಗೀದೆ ಇರ್ತಾರಾ? ಪಾಯ, ಸಂಪು, ಕಕ್ಕಸು ಗುಂಡಿ, ಬೋರು. ಮನೆ ಅಂದ್ರೇನೇ ಅಗೆಯೋದು.’

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಒಂದು ಮಾತು ಹೇಳಿದ. ಇಲ್ಲಿ ತೋಟಗಳೇ ಹೆಚ್ಚು, ಮನೆ ಕಡಿಮೆ ಎಂದು ನೋಡಿಕೊಂಡೇ ಪೈಪಿನ ದಪ್ಪ ಗೊತ್ತು ಮಾಡಿದ್ದಾರಂತೆ. ಊರು ಇರುವ ಕಡೆ ಇನ್ನೂ ದಪ್ಪದ್ದು ಹಾಕುತ್ತಾರಂತೆ.

‘ಪೈಪು ಹೂತ್ಮೇಲೆ ಊರೇ ಇಲ್ಲಿಗೆ ಬಂದ್ರೆ?’

‘ಅದು ನಮ್ಮ ಕೈಯಾಗಿಲ್ರಿ. ಪಟ್ಟಿ ಒಳಗ ನಮ್ಮ ಮಾತು ನಡೀತದ. ಕಲ್ಲು ದಾಟಿದ ಮ್ಯಾಲ ಮನಿ ಕಟ್ಟಸೂದು, ಬಿಡೂದು ನಿಮ್ಮ ಪಂಚಾಯ್ತಿಗೆ ಸೇರಿದ್ದು.’

ರಾಜಣ್ಣ, ಇಷ್ಟು ದಿನ ನಾನು ಬೀದಿದೀಪಕ್ಕೆ, ಚರಂಡಿಗೆ ಸಹಿ ಹಾಕಿಕೊಂಡು ಅದೇ ಅಧಿಕಾರ ಅಂದುಕೊಂಡಿದ್ದೆ. ಆ ಹುಡುಗ ಜೀಪು ಹತ್ತಿ ಹೋದ ಮೇಲೂ ನಾನು ಕಲ್ಲಿನ ಹತ್ತಿರ ನಿಂತೇ ಇದ್ದೆ. ಇಲ್ಲಿ ಜನ ಬಾಳಬೇಕೋ ಬೇಡವೋ ಅನ್ನುವುದನ್ನು ದೆಹಲಿಯವರೂ ಹೇಳುವುದಿಲ್ಲ, ಬೆಂಗಳೂರಿನವರೂ ಹೇಳುವುದಿಲ್ಲ, ನಾವೇ ಹೇಳಬೇಕು. ಭಯವಾಯಿತು. ಸುಳ್ಳೇಕೆ, ಹೆಮ್ಮೆಯೂ ಆಯಿತು.

ಸ್ಕೂಲಿನ ಬಯಲಿನಲ್ಲಿ ಗ್ರಾಮಸಭೆ ಕರೆದೆ. ಪಟ್ಟಿಯಿಂದ ಎಷ್ಟು ದೂರದವರೆಗೆ ಮನೆ ಬೇಡ ಎಂಬುದಕ್ಕೆ ದೊಡ್ಡ ಗಲಾಟೆ. ಒಬ್ಬರು ಅಡಿ ಅಂದರು, ಒಬ್ಬರು ಮೀಟರು ಅಂದರು. ಕೊನೆಗೆ ನಮ್ಮ ಸದಸ್ಯೆ ರುಕ್ಸಾನ ಎದ್ದಳು. ಬಸ್‌ಸ್ಟಾಂಡಿನ ಹತ್ತಿರ ಬಟ್ಟೆ ಹೊಲಿಯುತ್ತಾಳಲ್ಲ, ಅವಳೇ. ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿತ್ತು. ‘ಟೇಪಿನ ಲೆಕ್ಕ ನನ್ನ ಅಂಗಡೀಲಿರ್ಲಿ. ಇಲ್ಲಿ ಎಲ್ರಿಗೂ ಗೊತ್ತಾಗೋ ಅಳತೆ ಹೇಳಿ ಅಕ್ಕ’ ಅಂದಳು. ಹಾಗಾಗಿ ತೆಂಗಿನ ಸಾಲಿನ ಲೆಕ್ಕಕ್ಕೆ ಬಂದೆವು. ಕಲ್ಲಿನಿಂದ ಆಚೆಗೆ ಎರಡು ಕಡೆಗೂ ಎಂಟು ಸಾಲು ತೆಂಗು ನಿಲ್ಲುವಷ್ಟು ಜಾಗದಲ್ಲಿ ಹೊಸ ಮನೆಗೆ ಲೈಸೆನ್ಸ್ ಇಲ್ಲ, ಸೈಟಿಗೆ ಖಾತೆ ಇಲ್ಲ. ಹಾಗೆಂದು ನಿರ್ಣಯವಾಯಿತು. ಆಶ್ರಯ ಮನೆಗಳಿಗೆ ಮೇಗಲ ಬಯಲಿನ ಗೋಮಾಳ ಎಂದು ಬರೆಸಿದೆ. ಅಲ್ಲಿ ಕಲ್ಲು ಹೆಚ್ಚು, ಬಸ್ಸಿಗೆ ದೂರ. ಮನೆಯಿಲ್ಲದವರೂ ನನ್ನ ಮೇಲೆ ಸಿಟ್ಟಾದರು. ಗುಡಿಸಲಿನ ಹುಚ್ಚಕ್ಕ ಎಲ್ಲರ ಎದುರಿಗೇ, ‘ನಿಂಗೆ ಮನೆ ಐತೆ. ನಮ್ಗೆ ರಸ್ತೆ ಪಕ್ಕ ಸಿಕ್ತಿದ್ದುದ್ನ ಕಿತ್ಕಂಡ್ಯಲ್ಲೇ’ ಎಂದು ಮಣ್ಣು ತೂರಿದಳು.

ಈಗ ಹೇಳಬೇಕಾದದ್ದು. ನಿನ್ನ ತುಂಡು ಐದನೆಯ ಸಾಲಿನಲ್ಲಿ ಬರುತ್ತದೆ. ನಿನ್ನ ಅರ್ಜಿಯೂ ನನ್ನ ಮೇಜಿನ ಮೇಲಿತ್ತು. ಆಗುವುದಿಲ್ಲ ಎಂದು ನಾನೇ ಬರೆದೆ, ನಾನೇ ಸಹಿ ಹಾಕಿದೆ. ಕಾರ್ಯದರ್ಶಿ, ‘ಇದೊಂದನ್ನ ಆಮೇಲೆ ನೋಡಣ ಬುಡಿ ಅಮ್ಮ’ ಅಂದರು. ಇದನ್ನೇ ಮೊದಲು ಮಾಡಬೇಕು ಅಂದೆ. ನಮ್ಮ ಮನೆಯ ಹಿಂದಿನ ಕಣ ಖಾಲಿಯಿದೆ. ಅಲ್ಲಿ ನೀನು ಕಟ್ಟಿದರೆ ನಿಮ್ಮ ಭಾವನೂ ಸಂತೋಷಪಡುತ್ತಾರೆ. ಯೋಚಿಸು.

ನಿನ್ನ ಅಕ್ಕ
ಪುಟ್ಟಗಂಗಮ್ಮ


ತ್ರಿಪುರಾ
೨೧ ಡಿಸೆಂಬರ್ ೨೦೦೮

ಅಕ್ಕನಿಗೆ,

ಕಾಗದ ತಲುಪಿತು.

ಅದು ಅಪ್ಪ ನನಗೆಂದು ಬಿಟ್ಟುಹೋದ ಜಾಗ. ಒಂದು ಮಾತು ನನ್ನನ್ನು ಕೇಳಿ ಆಮೇಲೆ ಸಹಿ ಹಾಕಬಹುದಿತ್ತು. ಹೊರಗಿನವರಿಗೆ ಆದರೆ ಅರ್ಜಿ ತಿರಸ್ಕರಿಸುವ ಮೊದಲು ಒಂದು ನೋಟಿಸು ಕೊಡುತ್ತೀರಿ. ನನಗೆ ಅದೂ ಇಲ್ಲ.

ನಿನ್ನ ಕಣದಲ್ಲಿ ನನಗೆ ಮನೆ ಬೇಡ. ಶಿಲ್ಪ, ಮಗಳು ಬೇಸಿಗೆ ರಜೆಯ ಹೊತ್ತಿಗೆ ತಿಪಟೂರಿನಲ್ಲಿ ಬಾಡಿಗೆ ಮನೆ ಹಿಡಿಯಲಿ. ಅವಳಿಗೂ ಬರೆದಿದ್ದೇನೆ.

ರಾಜಣ್ಣ


ಮುತ್ತುಗದಹಳ್ಳಿ
೨೨ ಫೆಬ್ರವರಿ ೨೦೦೯

ಚಿರಂಜೀವಿ ರಾಜಣ್ಣನಿಗೆ,

ಸಂಕ್ರಾಂತಿಗೂ ನಿನ್ನ ಕಾಗದ ಬರಲಿಲ್ಲ. ಎಳ್ಳು ಬೆಲ್ಲ ಕಳಿಸಿದ್ದೆವು, ತಲುಪಿರಬೇಕು.

ಇಲ್ಲಿ ವಿಶೇಷವೇನೂ ಇಲ್ಲ. ಮಗಳಿಗೆ ಮುಂದಿನ ಹಲ್ಲು ಬಿದ್ದಿದೆ. ‘ಸ’ ಅನ್ನಲು ಬರದೆ ಎಲ್ಲರನ್ನೂ ನಗಿಸುತ್ತಾಳೆ. ಅಟ್ಟದ ಕಾಯಿ ಈ ಸಲ ಚೆನ್ನಾಗಿ ಒಣಗಿದೆ, ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತದೆ. ಯುಗಾದಿ ಕಳೆದ ಮೇಲೆ ಸುಲಿಸಬೇಕು. ನಾಲೆಗೆ ನೀರು ಬಿಡುವುದನ್ನು ನಿಲ್ಲಿಸಿದ್ದಾರೆ. ನಾನು ಈಗ ಹೆಚ್ಚಾಗಿ ಮನೆಯಲ್ಲೇ ಇರುತ್ತೇನೆ. ತೋಟಕ್ಕೆ ಹೋಗಲು ಪುರುಸೊತ್ತು ಸಿಗುತ್ತಿದೆ, ಒಳ್ಳೆಯದೇ ಆಯಿತು. ಶಿಲ್ಪ ತಿಪಟೂರಿನ ಮಾತು ಎತ್ತಿಲ್ಲ, ನಾನೂ ಕೇಳಿಲ್ಲ.

ಗಡಿಯಲ್ಲಿ ಹುಷಾರಾಗಿರು. ನಾಲ್ಕು ಸಾಲಾದರೂ ಬರೆ.

ನಿನ್ನ ಅಕ್ಕ
ಪುಟ್ಟಗಂಗಮ್ಮ


ಮುತ್ತುಗದಹಳ್ಳಿ
೩೦ ಮಾರ್ಚ್ ೨೦೦೯

ನಿಮಗೆ ಶಿಲ್ಪ ಮಾಡುವ ನಮಸ್ಕಾರಗಳು.

ಅಕ್ಕ ನಿಮಗೆ ಇದನ್ನು ಬರೆದಿರುವುದಿಲ್ಲ ಎಂದು ನನಗೆ ಗೊತ್ತು. ಆದ್ದರಿಂದ ನಾನು ಬರೆಯುತ್ತಿದ್ದೇನೆ. ಜನವರಿ ಕೊನೆಯಲ್ಲಿ ಅಕ್ಕನ ಮೇಲೆ ಅವಿಶ್ವಾಸ ತಂದು ಅಧ್ಯಕ್ಷಗಿರಿಯಿಂದ ಇಳಿಸಿದರು.

ಮಾಯಣ್ಣ ಒಬ್ಬೊಬ್ಬ ಸದಸ್ಯನಿಗೂ ಒಂದೊಂದು ಸೈಟಿನ ಆಸೆ ತೋರಿಸಿದ್ದ. ಊರಿನ ಅಭಿವೃದ್ಧಿಗೆ ಅಡ್ಡ ಬರುತ್ತಾಳೆ ಅನ್ನುವುದು ಅಕ್ಕನ ಮೇಲಿನ ದೂರು. ತಿಪಟೂರಿನಿಂದ ಎ.ಸಿ. ಸಾಹೇಬರು ಬಂದು ಸಭೆ ನಡೆಸಿದರು. ಅಕ್ಕನ ಕಡೆಗೆ ಕೈ ಎತ್ತಿದವರು ರುಕ್ಸಾನ ಮತ್ತು ಅರಳೀಕಟ್ಟೆ ಬೀದಿಯ ಸದಸ್ಯ, ಇಬ್ಬರೇ. ಎಂಟು ಸಾಲನ್ನು ಎರಡು ಸಾಲು ಮಾಡಿದರೆ ಕುರ್ಚಿ ಉಳಿಯುತ್ತದೆ ಎಂದು ಹಿಂದಿನ ದಿನವೇ ಮಾಯಣ್ಣನ ಕಡೆಯವರು ಹೇಳಿ ಕಳಿಸಿದ್ದರಂತೆ. ಅಕ್ಕ, ‘ಕುರ್ಚಿ ಬೇಕಾದ್ರೆ ಇವತ್ತೇ ತಗಂಡೋಗಿ’ ಅಂದರಂತೆ.

ಅಂದು ಮನೆಗೆ ಬಂದವರು ಹಳೆಯ ಸೀರೆ ಉಟ್ಟುಕೊಂಡು, ಕಾಯಿ ನೋಡುತ್ತೇನೆ ಎಂದು ಅಟ್ಟ ಹತ್ತಿದರು. ಒಂದೊಂದೇ ಕಾಯಿ ಅಲ್ಲಾಡಿಸುವ ಸದ್ದು ಕೇಳುತ್ತಿತ್ತು. ಆಮೇಲೆ ಸದ್ದು ನಿಂತಿತು. ಬಹಳ ಹೊತ್ತು ಇಳಿಯಲಿಲ್ಲ. ನಾನು ಕೆಳಗೆ ಏಣಿ ಹಿಡಿದುಕೊಂಡು ನಿಂತಿದ್ದೆ, ಕೂಗಲಿಲ್ಲ. ಇಳಿದು ಬಂದು, ‘ಮಗೀಗೆ ಊಟ ಆಯ್ತೇನೇ?’ ಅಂದರು, ಅಷ್ಟೇ.

ನಿಜ ಹೇಳುತ್ತೇನೆ. ಅಲ್ಲಿಯವರೆಗೆ ನನಗೂ ಅವರ ಮೇಲೆ ಕೋಪವಿತ್ತು. ನೀವು ಬರೆದ ಹಾಗೆ ತಿಪಟೂರಿಗೆ ಹೋಗಲು ಬಟ್ಟೆ ಜೋಡಿಸಿಟ್ಟಿದ್ದೆ. ಮಾರನೆಯ ದಿನ ಅದನ್ನೆಲ್ಲ ತೆಗೆದು ಮತ್ತೆ ಬೀರುವಿನಲ್ಲಿಟ್ಟೆ.

ಮಾಯಣ್ಣ ಅಧ್ಯಕ್ಷನಾದ. ಲೈಸೆನ್ಸಿನ ಮಾತು ಆಮೇಲೆ ನೋಡೋಣ ಎಂದು ಜೆಸಿಬಿ ತರಿಸಿ ಸೈಟಿನಲ್ಲಿ ಚರಂಡಿ ತೋಡಿಸಿದ. ಅದು ಊರಿನ ಕುಡಿಯುವ ನೀರಿನ ಪೈಪನ್ನು ಒಡೆದು ಹಾಕಿತು. ಒಂದು ವಾರ ನಲ್ಲಿಯಲ್ಲಿ ನೀರಿಲ್ಲ. ಹೆಂಗಸರೆಲ್ಲ ತೋಟದ ಬಾವಿಗೆ ಹೋಗಿ ಹೊತ್ತು ತಂದೆವು. ಮೇಗಲ ಬಯಲಿಗೆ ಹೋಗಿ ಗುಡಿಸಲು ಹಾಕಿಕೊಂಡಿದ್ದವರಿಗೆ ಮಾತ್ರ ನೀರು ತಪ್ಪಲಿಲ್ಲ. ಅಲ್ಲಿಗೆ ಬೇರೆ ಬೋರು ಹಾಕಿಸಿ, ನೀರಿನ ತೊಂಬೆ ಕಟ್ಟಿಸಿದ್ದೇ ಅಕ್ಕ ಅಧಿಕಾರದಲ್ಲಿ ಮಾಡಿದ ಕೊನೆಯ ಕೆಲಸ.

ಹೋದ ವಾರ ಗ್ರಾಮಸಭೆ ಕರೆದರು, ಎಂಟು ಸಾಲಿನ ನಿರ್ಣಯ ತೆಗೆದುಹಾಕಲು. ಅಕ್ಕ ಬಂದರು. ಹೆಂಗಸರ ಜೊತೆ ನೆಲದ ಮೇಲೆ ಕೂತರು, ತಲೆ ಎತ್ತಲಿಲ್ಲ. ಮಾಯಣ್ಣ ಚೆನ್ನಾಗಿ ಮಾತಾಡಿದ. ಕಂಪನಿಯವರೇ ಪಟ್ಟಿಯಿಂದಾಚೆ ಅಡ್ಡಿಯಿಲ್ಲ ಅಂದಿದ್ದಾರೆ, ಇರದ ಭಯ ನಮಗೇಕೆ ಎಂದು ಕೇಳಿದ. ಜನ ತಲೆಯಾಡಿಸುತ್ತಿದ್ದರು. ಆಗ ಹುಚ್ಚಕ್ಕ ಎದ್ದು ನಿಂತಳು. ಬೈದು ಮಣ್ಣು ತೂರಿದ್ದಳಲ್ಲ, ಅದೇ ಹುಚ್ಚಕ್ಕ.

‘ಮಾಯಣ್ಣ, ನೀರಿನ ಪೈಪು ಅಲ್ಲೈತೆ ಅಂತ ನಿಂಗೆ ಗೊತ್ತಿರ್ಲಿಲ್ವಾ?’

‘ನಂಗೆ ಗೊತ್ತಿತ್ತು ಕಣಮ್ಮ. ಜೆಸಿಬಿ ಡ್ರೈವರ್‌ಗೆ ಗೊತ್ತಿರ್ಲಿಲ್ಲ.’

‘ನಾಳೆ ಗ್ಯಾಸಿನ ಪೈಪಿನ ಪಕ್ಕ ಅಗೆಯೋನೂ ಡ್ರೈವರೇ ಅಲ್ವೇನಪ್ಪ?’

ಯಾರೂ ನಗಲಿಲ್ಲ. ಮಾಯಣ್ಣ ಆಗ ನಿಮ್ಮ ಹೆಸರು ಎತ್ತಿದ. ‘ನೋಡಿ, ರಾಜಣ್ಣ ಬಾರ್ಡರ್‌ನಲ್ಲಿ ದೇಶ ಕಾಯ್ತಾವ್ನೆ. ಅವ್ನಿಗೂ ಮನೆ ಕಟ್ಬ್ಯಾಡ ಅಂದ್ರಲ್ಲ ಈ ನಿರ್ಣಯದಲ್ಲಿ. ಇದು ನ್ಯಾಯವಾ? ಅವ್ನ ಸಲುವಾಗಿನಾದ್ರೂ ತೆಗೀಬೇಕು’ ಅಂದ. ಎಲ್ಲರೂ ನನ್ನ ಕಡೆ ತಿರುಗಿದರು. ಅಕ್ಕ ಮಾತ್ರ ತಿರುಗಲಿಲ್ಲ. ನನ್ನ ಕೈ ಹಿಡಿಯಲೂ ಇಲ್ಲ, ಬೇಡ ಅನ್ನಲೂ ಇಲ್ಲ.

ನಾನು ಎದ್ದು ನಿಂತೆ. ‘ಆ ಜಾಗ ನಮ್ದು. ಐದನೇ ಸಾಲಲ್ಲಿ ಐತೆ. ಅಲ್ಲಿ ಮನೆ ಬ್ಯಾಡ ಅಂತ ನಾವೇ ಹೇಳ್ತಿದೀವಿ. ನಮ್ಮೋರ ಹೆಸ್ರು ಹೇಳಿ ಯಾರೂ ಸೈಟ್ ಕೇಳ್ಬ್ಯಾಡಿ’ ಅಂದೆ.

ನಿರ್ಣಯ ಉಳಿಯಲಿ ಎಂದು ರುಕ್ಸಾನ ಮೊದಲು ಕೈ ಎತ್ತಿದಳು. ಮೇಗಲ ಬಯಲಿನವರು ಎತ್ತಿದರು. ಆಮೇಲೆ ಎಣಿಸುವ ಅಗತ್ಯವೇ ಬೀಳಲಿಲ್ಲ. ಎಂಟು ಸಾಲು ಎಂಟು ಸಾಲಾಗಿಯೇ ಉಳಿಯಿತು.

ನಿಮ್ಮನ್ನು ಕೇಳದೆ ‘ನಾವು’ ಅಂದೆ. ತಪ್ಪಾಗಿದ್ದರೆ ಬರೆಯಿರಿ, ಓದುತ್ತೇನೆ. ಆದರೆ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನಿಮ್ಮ
ಶಿಲ್ಪ


ತ್ರಿಪುರಾ
೨೬ ಏಪ್ರಿಲ್ ೨೦೦೯

ಪ್ರೀತಿಯ ಅಕ್ಕನಿಗೆ ರಾಜಣ್ಣನ ನಮಸ್ಕಾರಗಳು.

ಶಿಲ್ಪ ಎಲ್ಲವನ್ನೂ ಬರೆದಳು. ನೀನು ಬರೆದದ್ದು ಮಗಳ ಹಲ್ಲಿನ ಸುದ್ದಿ, ನಾಲೆಯ ನೀರಿನ ಸುದ್ದಿ. ‘ವಿಶೇಷವೇನೂ ಇಲ್ಲ’ ಅನ್ನುವ ಸಾಲನ್ನು ಮತ್ತೆ ತೆಗೆದು ನೋಡಿದೆ. ಅದನ್ನು ಬರೆಯುವಾಗ ನಿನ್ನ ಮುಖ ಹೇಗಿತ್ತೋ ಎಂದು ಯೋಚಿಸುತ್ತಾ ಕೂತೆ.

ಇಲ್ಲಿ ಗಡಿಯ ಬೇಲಿಗೆ ಹತ್ತಿಕೊಂಡೇ ಬೇಸಾಯ ಮಾಡುವ ಜನರಿದ್ದಾರೆ. ಬೇಲಿಯಿಂದ ಇಷ್ಟು ದೂರ ಗುಡಿಸಲು ಹಾಕಬೇಡಿ ಎಂದು ನಾವೇ ದಿನವೂ ಅವರಿಗೆ ಹೇಳುತ್ತೇವೆ. ಅವರು ಬಯ್ಯುತ್ತಾರೆ, ನಾವು ಕೇಳಿಸಿಕೊಂಡು ಮುಂದೆ ಹೋಗುತ್ತೇವೆ. ನಮ್ಮ ಬೆನ್ನಿಗೆ ಬಂದೂಕು ಇದೆ, ಸರ್ಕಾರ ಇದೆ. ನೀನು ನಿನ್ನ ಊರಿನಲ್ಲಿ, ನಿನ್ನವರ ನಡುವೆಯೇ, ಬರಿಗೈಯಲ್ಲಿ ನಿಂತು ಹೇಳಿದೆ. ನನ್ನ ಕೆಲಸಕ್ಕಿಂತ ಅದು ಕಷ್ಟದ್ದು. ಈ ಮಾತನ್ನು ನಾನು ಬೀದರಿನವನಿಗೆ ಹೇಳಿದೆ. ಅವನು ಇಡೀ ಮೆಸ್ಸಿಗೆ ಹಿಂದಿಯಲ್ಲಿ ಹೇಳಿದ. ಈಗ ನಮ್ಮ ತುಕಡಿಯಲ್ಲಿ ಹರಿಯಾಣದವನಿಗೂ ಎಂಟು ಸಾಲು ತೆಂಗು ಎಂದರೆ ಗೊತ್ತು. ಅವನು ತೆಂಗಿನ ಮರ ಹತ್ತಿರದಿಂದ ನೋಡಿಯೇ ಇಲ್ಲ.

ಮನೆ ಎಲ್ಲಿ ಕಟ್ಟಬೇಕು ಎಂಬುದನ್ನು ಶಿಲ್ಪ ಹೇಳಲಿ. ಸಭೆಯಲ್ಲಿ ಎದ್ದು ನಿಂತವಳು ಅವಳು, ಮಾತು ಅವಳದು. ರಸ್ತೆ ಪಕ್ಕದ ತುಂಡಿನಲ್ಲಿ ಮಳೆ ಬಿದ್ದ ಕೂಡಲೇ ಸಸಿ ಇಡಿಸು. ನಾನು ಜೂನ್ ಕೊನೆಯಲ್ಲಿ ರಜೆಗೆ ಬರುತ್ತೇನೆ.

ನಿನ್ನ ತಮ್ಮ
ರಾಜಣ್ಣ


ಮುತ್ತುಗದಹಳ್ಳಿ
೧೭ ಮೇ ೨೦೦೯

ಚಿರಂಜೀವಿ ರಾಜಣ್ಣನಿಗೆ ಅಕ್ಕನ ಆಶೀರ್ವಾದಗಳು.

ಶಿಲ್ಪ ಕಣದಲ್ಲೇ ಮನೆ ಅಂದಳು. ಅಡುಗೆಮನೆ ಎಲ್ಲಿ ಬರಬೇಕು ಎಂದು ನೆಲದ ಮೇಲೆ ಗೆರೆ ಎಳೆದು ತೋರಿಸಿದ್ದಾಳೆ. ನಿನ್ನ ಜಗಲಿಗೆ ಉಳಿದಿರುವುದು ಸ್ವಲ್ಪವೇ ಜಾಗ, ಜಗಳವಿದ್ದರೆ ಬಂದು ಆಡಿಕೋ. ಸಸಿಗಳಿಗೆ ಗುಂಡಿ ತೆಗೆಸಿದ್ದೇನೆ. ಮೇಗಲ ಬಯಲಿನಲ್ಲಿ ಹುಚ್ಚಕ್ಕನ ಮನೆಗೆ ಗೋಡೆ ಎದ್ದಿದೆ. ಕಿಟಕಿ ಯಾವ ಕಡೆಗೆ ಇಡಬೇಕು ಎಂದು ನನ್ನನ್ನು ಕೇಳಲು ಬಂದಿದ್ದಳು. ಬೈದದ್ದಕ್ಕೆ ಏನೂ ಹೇಳಲಿಲ್ಲ. ನಾನು ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋದಳು.

ನಿನ್ನ ಕಾಗದ ನನ್ನ ಕೈಗೆ ತಡವಾಗಿ ಬಂತು. ಯಾಕೆಂದು ನಿನಗೇ ಗೊತ್ತಿರಬೇಕು. ಕವರಿನ ಮೇಲೆ ‘ಶ್ರೀಮತಿ ಪುಟ್ಟಗಂಗಮ್ಮನವರು, ಅಧ್ಯಕ್ಷರು, ಗ್ರಾಮ ಪಂಚಾಯಿತಿ’ ಎಂದು ಅಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದೀಯ. ಪೋಸ್ಟ್‌ಮ್ಯಾನ್ ನೇರವಾಗಿ ಆಫೀಸಿಗೆ ಕೊಟ್ಟುಬಿಟ್ಟಿದ್ದಾನೆ. ಮೂರನೆಯ ದಿನ ಮಾಯಣ್ಣ ತಾನೇ ಅದನ್ನು ಹಿಡಿದುಕೊಂಡು ಮನೆಗೆ ಬಂದ. ಜಗಲಿಯ ಮೇಲೆ ಕೂತು ನೀರು ಕೇಳಿ ಕುಡಿದ.

‘ಎಂಟು ಸಾಲು ಜಾಸ್ತಿ ಆಯ್ತು ಕಣಕ್ಕ. ಆರು ಮಾಡಿದ್ರೂ ನಡೀತಿತ್ತು’ ಅಂದ.

‘ನಡೀತಿತ್ತೇನೋ’ ಅಂದೆ.

ಕವರನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ‘ನಿಮ್ ತಮ್ಮಂಗೆ ವಿಷ್ಯ ಗೊತ್ತಿಲ್ವಾ? ಇನ್ನೂ ಅಧ್ಯಕ್ಷರು ಅಂತಲೇ ಬರ್ದವ್ನೆ.’

‘ಗೊತ್ತು’ ಅಂದೆ.

ಅವನು ಕವರು ಕೊಟ್ಟು ಎದ್ದುಹೋದ. ಬಾಗಿಲಲ್ಲಿ ಶಿಲ್ಪ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

ಹೀಗೆಲ್ಲ ತಪ್ಪು ವಿಳಾಸ ಬರೆಯಬೇಡ. ಮುಂದಿನ ಸಲ ಬರೀ ಹೆಸರು ಬರೆ, ಸಾಕು. ಮನೆಯವರೆಗೂ ಬರುತ್ತದೆ.

ಅಥವಾ, ಇನ್ನೊಂದೇ ಒಂದು ಸಲ ಹಾಗೆಯೇ ಬರೆ.

ನಿನ್ನ ಅಕ್ಕ
ಪುಟ್ಟಗಂಗಮ್ಮ